ನಡುಪುಟದ ಪಿಟೀಲು

ನಮ್ಮ ಬಡಾವಣೆಯ ಸಂಗೀತ ಸಭೆಗೆ ಒಂದು ಪತ್ರಿಕೆ ಇದೆ. ಮೂರು ತಿಂಗಳಿಗೊಮ್ಮೆ ಬರುತ್ತದೆ. ಅಂದರೆ, ಬರಬೇಕು. ಕಛೇರಿಗಳ ವರದಿ, ಸದಸ್ಯರ ಮೊಮ್ಮಕ್ಕಳ ಫೋಟೋ, ಚಂದಾ ಕಟ್ಟದವರಿಗೆ ಸಕ್ಕರೆ ಹಾಕಿದ ಬೈಗುಳ, ಎಲ್ಲ ಅದರಲ್ಲಿರುತ್ತದೆ. ನಾನು ಸಂಗೀತ ಕಲಿತವನಲ್ಲ. ಯಾವ ರಾಗ ಅಂತ ಯಾರಾದರೂ ಕೇಳಿದರೆ "ಮೋಹನ ಇರಬೇಕು" ಅನ್ನುತ್ತೇನೆ. ಹತ್ತು ಸಲದಲ್ಲಿ ಎರಡು ಸಲ ಸರಿಯಾಗುತ್ತದೆ. ಆದರೆ ಹೊಟ್ಟೆಪಾಡಿಗೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬೋರ್‌ವೆಲ್ ಕಂಪನಿಯ ಕ್ಯಾಲೆಂಡರ್ ಡಿಸೈನ್ ಮಾಡುತ್ತೇನೆ. ಸಭೆಗೆ ಅಷ್ಟೇ ಸಾಕಾಯಿತು.

ಕಾರ್ಯದರ್ಶಿಗಳು ಮನೆಗೇ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಈ ಸಲ ವಿಶೇಷ ಸಂಚಿಕೆ ಕಣಪ್ಪಾ. ಪಿಟೀಲು ಚೌಡಯ್ಯನವರ ಮೇಲೆ ಜೋಡಿಪುಟ. ಬಿಚ್ಚಿದ ತಕ್ಷಣ ಜನ ಹಾ ಅನ್ನಬೇಕು" ಅಂದರು. ದುಡ್ಡಿನ ಮಾತು ಬರಲಿಲ್ಲ. ಸಭೆಯಲ್ಲಿ ದುಡ್ಡಿನ ಮಾತು ಬಂದರೆ ಅದು ಒಳಗೆ ಬರುವ ದುಡ್ಡಿನ ಮಾತೇ ಆಗಿರುತ್ತದೆ.

ಚೌಡಯ್ಯನವರು 1895ರಲ್ಲಿ ಹುಟ್ಟಿದವರು. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನವರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಬೇರೆಯವರಾದರೆ ಸಂಘಟಕರನ್ನು ಬೈದು ಮನೆಗೆ ಹೋಗುತ್ತಿದ್ದರು. ಇವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಕಟ್ಟಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಇಡೀ ಕಟ್ಟಡವನ್ನೇ ಪಿಟೀಲು ಮಾಡಿದ್ದಾರೆ, ನಾನು ಎರಡು ಪುಟ ಮಾಡೋದು ಏನು ಮಹಾ ಅಂದುಕೊಂಡೆ.

ಐಡಿಯಾ ಸ್ನಾನ ಮಾಡುವಾಗ ಬಂತು. ಎರಡು ಪುಟ ಸೇರಿ 420 ಮಿಲಿಮೀಟರ್ ಅಗಲ. ನಟ್ಟನಡುವೆ, ಮೇಲಿಂದ ಕೆಳಗಿನವರೆಗೆ, ನೆಟ್ಟಗೆ ನಿಂತ ಏಳು ತಂತಿಯ ಪಿಟೀಲು. ಎಡಪುಟದಲ್ಲಿ ದಪ್ಪಕ್ಷರದಲ್ಲಿ "ಏಳು". ಬಲಪುಟದಲ್ಲಿ ಅಷ್ಟೇ ದಪ್ಪಗೆ "ಚೌಡಯ್ಯ". ನಡುವಿನ "ತಂತಿಯ" ಅನ್ನೋದನ್ನು ಮಾತ್ರ ಪುಟ್ಟ ಅಕ್ಷರದಲ್ಲಿ, ಒಂದರ ಕೆಳಗೊಂದರಂತೆ, ತಂತಿಗಳ ಮೇಲೇ ಇಳಿಬಿಟ್ಟೆ. ಏಳು ತಂತಿಯ ಚೌಡಯ್ಯ! ಮಾನಿಟರ್ ಮುಂದೆ ಒಬ್ಬನೇ ಕೂತು ನಾನೇ ಹಾ ಅಂದೆ. ಒಳಗಿಂದ ಅಮ್ಮ "ಏನಾಯ್ತೋ, ಶಾಕ್ ಹೊಡೀತಾ?" ಅಂತ ಕೂಗಿದರು.

ಫೋಟೋಗೆ ಪಕ್ಕದ ಮನೆ ಹುಡುಗಿಯ ಪಿಟೀಲು ಸಿಕ್ಕಿತು. ಹಿನ್ನೆಲೆಗೆ ಅಮ್ಮನ ಮೈಸೂರು ರೇಷ್ಮೆ ಸೀರೆ. ಹುಡುಗಿಯ ತಾಯಿ ಪಿಟೀಲಿಗೆ ಕಾವಲು, ನಮ್ಮಮ್ಮ ಸೀರೆಗೆ ಕಾವಲು. ಇಬ್ಬರ ನಡುವೆ ಸ್ಟೂಲಿನ ಮೇಲೆ ಹತ್ತಿ, ಉಸಿರು ಬಿಗಿಹಿಡಿದು ನಲವತ್ತು ಫೋಟೋ ತೆಗೆದೆ. ಬೆರಳು ಬಾರದ್ದು ಆರು. ಅದರಲ್ಲಿ ಒಂದನ್ನು ಆರಿಸಿ, ವೈರು ಹುಡುಕುವ ಸೋಮಾರಿತನಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡೆ. ಆ ಪುಣ್ಯಾತ್ಮ ಅದನ್ನು ಹಿಂಡಿ 1600 ಪಿಕ್ಸೆಲ್‌ಗೆ ಇಳಿಸಿಬಿಟ್ಟ. ಜೋಡಿಪುಟದ ಅಗಲಕ್ಕೆ ಬೇಕಾಗಿದ್ದದ್ದು ಹತ್ತಿರ ಹತ್ತಿರ 5000. ಎಳೆದು ಹಿಗ್ಗಿಸಿದೆ. ಪಿಟೀಲಿಗೆ ಯಾರೋ ಕಸೂತಿ ಹಾಕಿದ ಹಾಗೆ ಕಂಡಿತು. ಕೊನೆಗೆ ವೈರು ಸಿಕ್ಕಿತು. ಫ್ರಿಜ್ ಮೇಲಿತ್ತು.

ಆ ಪಿಟೀಲಿಗಿದ್ದದ್ದು ನಾಲ್ಕೇ ತಂತಿ. ಉಳಿದ ಮೂರನ್ನು ನಾನು ಕಂಪ್ಯೂಟರ್‌ನಲ್ಲೇ ಎಳೆದೆ. ಚೌಡಯ್ಯನವರು ಎಷ್ಟು ಪಾಡು ಪಟ್ಟರೋ, ನನಗೆ ಹತ್ತು ನಿಮಿಷ ಹಿಡಿಯಿತು. ಹೆಮ್ಮೆಯಿಂದ ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಪಕ್ಕದಲ್ಲಿದ್ದ ಪಿಟೀಲು ಮೇಷ್ಟ್ರಿಗೆ ತೋರಿಸಿದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು.

"ತಂತಿ ಏಳಿದೆ."

"ಹೌದು ಸಾರ್."

"ಬಿರಡೆ ನಾಲ್ಕೇ ಇದೆಯಲ್ಲಪ್ಪಾ. ಮಿಕ್ಕ ಮೂರು ತಂತಿ ಎಲ್ಲಿಗೆ ಕಟ್ಟಿದ್ದೀಯ, ಗಾಳಿಗಾ?"

ಆ ರಾತ್ರಿ ಇನ್ನೂ ಮೂರು ಬಿರಡೆ ಸಿಕ್ಕಿಸಿದೆ, ಮೌಸಿನಲ್ಲಿ.

ಅಷ್ಟರಲ್ಲಿ ಲೇಖನ ಬಂತು. ಬರೆದವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಪುಟಕ್ಕೆ ಸುರಿದರೆ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಅಕ್ಕಿಯಲ್ಲಿ ಹುಳ ಬಿದ್ದ ಹಾಗೆ ಏನೇನೋ ಚಿಹ್ನೆಗಳು. ಯೂನಿಕೋಡ್‌ಗೆ ತಿರುಗಿಸಿದೆ. ಈಗ ಒತ್ತಕ್ಷರಗಳು ಮುಷ್ಕರ ಹೂಡಿದವು. ದೊಡ್ಡ ತಲೆಬರಹದಲ್ಲಿ "ಚೌಡಯ್‌ಯ" ಅಂತ ಬಂತು. ಯಕಾರಕ್ಕೆ ಯಕಾರ ಕೆಳಗೆ ಕೂರಲ್ಲ ಅನ್ನುತ್ತೆ, ಪಕ್ಕದಲ್ಲಿ ಕುರ್ಚಿ ಕೇಳುತ್ತೆ. ಭಾರತೀಯ ಲಿಪಿಗಳಿಗೆ ಅಂತ ಸಾಫ್ಟ್‌ವೇರ್‌ನ ಯಾವುದೋ ಮೂಲೆಯಲ್ಲಿ ಒಂದು ಆಯ್ಕೆ ಅಡಗಿಸಿಟ್ಟಿರುತ್ತಾರೆ. ಅದನ್ನು ಒತ್ತಿದ ಮೇಲೆ ಸರಿಹೋಯಿತು. ಹುಡುಕಲು ಹಿಡಿದದ್ದು ಒಂದು ಭಾನುವಾರ. ಲೇಖನ ಎರಡು ಪುಟಕ್ಕೆ ನಾಲ್ಕು ಪಟ್ಟು ಉದ್ದವಿತ್ತು. ಆ ಜಗಳ ಬೇಡ ಬಿಡಿ, ಅವರು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ.

ಇನ್ನು ಜಾಹೀರಾತು. ವಿಶೇಷ ಸಂಚಿಕೆ ಅಂದ ಕೂಡಲೇ ಕಾರ್ಯದರ್ಶಿಗಳು ರಸೀದಿ ಪುಸ್ತಕ ಹಿಡಿದು ಬೀದಿಗಿಳಿದಿದ್ದರು. ತುಪ್ಪದವರು, ಸೀರೆಯವರು, ಚೀಟಿಯವರು, ಎಲ್ಲರೂ ಶುಭ ಕೋರಿದರು. 32 ಪುಟದ ಪತ್ರಿಕೆ 80ಕ್ಕೆ ಉಬ್ಬಿತು. ನಡುವೆ 16-17ರಲ್ಲಿ ಆರಾಮಾಗಿದ್ದ ನನ್ನ ಪಿಟೀಲು 38-39ಕ್ಕೆ ಹೋಯಿತು. ಇನ್ನೇನು ಫೈಲು ಕಳಿಸಬೇಕು, ಅಷ್ಟರಲ್ಲಿ 20ನೇ ಪುಟದ ಹತ್ತಿರ ಒಂದು ಅಪ್ಪಳದ ಜಾಹೀರಾತು ತೂರಿಕೊಂಡಿತು. ಎಲ್ಲ ಒಂದೊಂದು ಪುಟ ಜರುಗಿತು. ಪಿಟೀಲು ಈಗ 39-40. ಅಂದರೆ ಒಂದೇ ಹಾಳೆಯ ಮುಂದೆ ಅರ್ಧ, ಹಿಂದೆ ಅರ್ಧ! ಪೂರ್ತಿ ಪಿಟೀಲು ನೋಡಬೇಕಾದರೆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಬೇಕು. ಪ್ರೂಫಿನಲ್ಲಿ ಕಂಡು ಎದೆ ಧಸಕ್ಕೆಂದಿತು. ಅಪ್ಪಳವನ್ನು ಎತ್ತಿ ಹಿಂದಕ್ಕೆ ಹಾಕಿದೆ. ಗೆದ್ದೆ ಅಂದುಕೊಂಡೆ.

ನನಗೆ ಯಾರೂ ಹೇಳದೆ ಬಿಟ್ಟಿದ್ದು ಒಂದೇ ಒಂದು ಸಂಗತಿ. 80 ಪುಟ ಆಯ್ತಲ್ಲ, ಪಿನ್ನು ಹೊಡೆದರೆ ಕಳೆಯಿರಲ್ಲ ಅಂತ ಕಾರ್ಯದರ್ಶಿಗಳೂ ಪ್ರೆಸ್ಸಿನ ಯಜಮಾನರೂ ಮಾತಾಡಿಕೊಂಡು ಗಮ್ ಬೈಂಡಿಂಗ್ ಮಾಡಿಸಿದ್ದರು. ಪಿನ್ನು ಹೊಡೆದ ಪುಸ್ತಕದ ನಡುಪುಟ ಅಂದರೆ ಒಂದೇ ಅಗಲ ಹಾಳೆ. ಬಿಚ್ಚಿದರೆ ಚಾಪೆ ಹಾಸಿದ ಹಾಗೆ ಮಲಗುತ್ತದೆ. ಗಮ್ಮಿನಲ್ಲಿ ಹಾಗಲ್ಲ. ಪ್ರತಿ ಹಾಳೆಯೂ ಬೇರೆ ಬೇರೆ, ಬೆನ್ನಿಗೆ ಅಂಟಿನಲ್ಲಿ ಕಚ್ಚಿಕೊಂಡಿರುತ್ತದೆ. ಎಷ್ಟು ಅಗಲಿಸಿದರೂ ಎರಡೂ ಕಡೆ ಆರಾರು ಮಿಲಿಮೀಟರ್ ಸಂದಿಯೊಳಗೇ ಉಳಿಯುತ್ತದೆ. ಮಾನಿಟರಿಗೆ ಸಂದಿ ಇಲ್ಲ. ಅದರ ಮೇಲೆ ಪ್ರಪಂಚದ ಎಲ್ಲ ಜೋಡಿಪುಟವೂ ಚೆನ್ನಾಗಿಯೇ ಕಾಣುತ್ತದೆ.

ಬಿಡುಗಡೆಯ ದಿನ ಅತಿಥಿಗಳು ರಿಬ್ಬನ್ ಬಿಚ್ಚಿದರು. ಪತ್ರಿಕೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ನಂತರ ಕುರ್ಚಿಯಲ್ಲಿ ಕೂತು ಪುಟ ತಿರುವಿದರು. 38ಕ್ಕೆ ಬಂದರು. ನಾನು ಮೂರನೇ ಸಾಲಿನಲ್ಲಿ ಹಾ ಅನ್ನುವುದನ್ನು ಕೇಳಲು ಕಾಯುತ್ತಿದ್ದೆ. ಅವರು ಹಾ ಅನ್ನಲಿಲ್ಲ. ಪುಸ್ತಕವನ್ನು ಓರೆ ಮಾಡಿದರು. ಇನ್ನೂ ಓರೆ ಮಾಡಿದರು. ಬಾವಿಗೆ ಬಿದ್ದ ಬಿಂದಿಗೆ ನೋಡುವ ಹಾಗೆ ಸಂದಿಯೊಳಗೆ ಇಣುಕಿದರು.

ನಾನೂ ಒಂದು ಪ್ರತಿ ಕಿತ್ತುಕೊಂಡು ನೋಡಿದೆ. ಎಡಕ್ಕೆ ಎರಡು ತಂತಿ. ಬಲಕ್ಕೆ ಎರಡು ತಂತಿ. ನಡುವಿನ ಮೂರು ಅಂಟಿನ ಪಾಲಾಗಿದ್ದವು. ಚೌಡಯ್ಯನವರು ಹಿಂದಿನ ಸಾಲಿಗೂ ಕೇಳಲಿ ಅಂತ ಸೇರಿಸಿದ ಮೂರು ತಂತಿಯನ್ನು, ಮಡಿಲಲ್ಲಿ ಇಟ್ಟುಕೊಂಡವರಿಗೂ ಕಾಣದ ಹಾಗೆ ನಾನು ತೆಗೆದುಹಾಕಿದ್ದೆ. ಮೇಷ್ಟ್ರು ದೂರದಿಂದಲೇ ನಾಲ್ಕು ಬೆರಳು ತೋರಿಸಿದರು.

ತಲೆಬರಹದ ಕಡೆ ನನ್ನ ಗಮನ ಹೋಗಿರಲಿಲ್ಲ. ಮಾರನೇ ದಿನ ಬೆಳಗ್ಗೆ ಏಳು ಗಂಟೆಗೆ ಸಭೆಯ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿತ್ತು.

"ಏನಯ್ಯಾ ಇದು, ಎರಡು ಪುಟದ ತುಂಬಾ 'ಏಳು ಚೌಡಯ್ಯ' ಅಂತ ಹಾಕಿದ್ದೀಯಲ್ಲ? ಅವರು 1967ರಲ್ಲೇ ಹೋದರು. ಈಗ ಎಬ್ಬಿಸಿದರೆ ಹೇಗಯ್ಯಾ ಏಳ್ತಾರೆ?"

ನನಗೆ ಬೆವರು ಬಂತು. "ಸಾರ್, ಅದು... ನಡುವೆ 'ತಂತಿಯ' ಅಂತ ಇದೆ ಸಾರ್. ಸಂದಿಯಲ್ಲಿ ಹೋಗಿದೆ. ಸ್ವಲ್ಪ ಅಗಲಿಸಿ ನೋಡಿ."

ಆ ಕಡೆ ಹಾಳೆ ಸರಸರ ಅಂದಿತು. ಉಬ್ಬಸ ಕೇಳಿಸಿತು. "ಇಲ್ಲ. ಕಾಣಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೋಗಲಿ, ಸಂಗೀತ ಕಲಾನಿಧಿ ಬಿರುದು ಪಡೆದವರು. ಎಬ್ಬಿಸಲೇಬೇಕು ಅಂತಿದ್ದರೆ 'ಏಳಿ' ಅನ್ನಬಾರದಾ? ಏಕವಚನವಾ?"

ಸಂಜೆವರೆಗೆ ಇಂಥವೇ ಹನ್ನೊಂದು ಫೋನು. ಒಬ್ಬರು ಮಾತ್ರ ತಲೆಬರಹ ಬಹಳ ಚೆನ್ನಾಗಿದೆ, ಸುಪ್ರಭಾತದ ಹಾಗಿದೆ ಅಂದರು. ಅವರಿಗೆ ಏನೂ ವಿವರಿಸದೆ ಥ್ಯಾಂಕ್ಸ್ ಹೇಳಿದೆ.

ರಾತ್ರಿ ಊಟ ಮುಗಿಸಿ ನೋಡಿದರೆ ಅಮ್ಮ ನೆಲದ ಮೇಲೆ ಕೂತು ಪತ್ರಿಕೆಯನ್ನು ಮಂಡಿಯಿಂದ ಅದುಮುತ್ತಿದ್ದರು. "ನನ್ನ ಸೀರೆಯ ಅಂಚು ಒಳಗೆ ಹೋಗ್ಬಿಟ್ಟಿದೆ ಕಣೋ" ಅಂದರು. ಆಮೇಲೆ ಸಣ್ಣ ಕುಟ್ಟಾಣಿಯನ್ನು ತಂದು ಬೆನ್ನಿನ ಮೇಲೆ ಎರಡು ಸಲ ಉರುಳಿಸಿದರು. ಗಮ್ಮು ಲಟಕ್ಕೆಂದಿತು. 38, 39 ಎರಡೂ ಹಾಳೆ ಬಿಡಿಬಿಡಿಯಾಗಿ ಅವರ ಕೈಗೆ ಬಂದವು. ಪಕ್ಕ ಪಕ್ಕ ಜೋಡಿಸಿ ನೆಲದ ಮೇಲಿಟ್ಟರು. ಏಳೂ ತಂತಿ ಇತ್ತು. ಏಳೂ ಬಿರಡೆ ಇತ್ತು. "ತಂತಿಯ" ಅಂತ ಸೊಗಸಾಗಿ ಇಳಿದುಬಂದಿತ್ತು.

"ಹಾ," ಅಂದರು ಅಮ್ಮ, "ಅಂಚು ಪೂರ್ತಿ ಬಂದಿದೆ."