ಬೇಸ್‌ಮೆಂಟಿನಲ್ಲಿ ನಿಂತಲ್ಲೇ ಬಿಸಿಯಾಗುವ ಕಾರುಗಳು

ಕಳೆದ ಡಿಸೆಂಬರಿನಲ್ಲಿ ರಜೆಗೆ ಬಂದವನು ಬೆಂಗಳೂರಿನ ಅಕ್ಕನ ಮನೆಯಲ್ಲಿ ಎರಡು ವಾರ ಇದ್ದೆ. ಬೆಳಗ್ಗೆ ಏಳಕ್ಕೆ ಅಕ್ಕನ ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊರಗೆ ಚಳಿಗಾಳಿ ಅಂತ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಬೇಸ್‌ಮೆಂಟಿನಲ್ಲೇ, ಇಳಿಜಾರಿನ ಬುಡದಲ್ಲಿ ನಿಂತು ವ್ಯಾನಿಗೆ ಕಾಯುತ್ತಾರೆ. ಮೊದಲ ದಿನವೇ ನೋಡಿದೆ: ಮಕ್ಕಳಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಕಾರು ಆನ್ ಆಗಿ ನಿಂತಿದೆ, ಒಳಗೆ ಯಾರೂ ಇಲ್ಲ. ವಾಚ್‌ಮನ್ನನ್ನು ಕೇಳಿದೆ. "ಮೂರನೇ ಮಹಡಿ ಸಾರು ಮೇಲಿಂದಾನೇ ಫೋನಲ್ಲಿ ಸ್ಟಾರ್ಟ್ ಮಾಡ್ತಾರೆ ಸರ್. ಬಿಸಿಯಾಗ್ಲಿ ಅಂತ. ಇಳಿದು ಬರೋಕೆ ಹತ್ತು ನಿಮಿಷ ಆಗುತ್ತೆ," ಅಂದರು. ಅವರು ನಿಂತು ಮಾತಾಡುತ್ತಿದ್ದ ಜಾಗ ಆ ಕಾರಿನ ಸೈಲೆನ್ಸರ್‌ನಿಂದ ಎರಡು ಮಾರು ದೂರ ಇರಬಹುದು.

ಅವತ್ತು ಬೆಂಗಳೂರಿನಲ್ಲಿ 16 ಡಿಗ್ರಿ ಇತ್ತು.

ಮೇಲೆ ಬಂದು ಭಾವನಿಗೆ ಹೇಳಿದೆ. ಅವರೂ ಹಾಗೇ ಮಾಡುತ್ತಾರೆ ಅಂತ ಆಗ ಗೊತ್ತಾಯಿತು. "ಬಿಸಿಯಾಗದೆ ಗಾಡಿ ತೆಗೀಬಾರದು ಕಣಯ್ಯ. ಮಾವನೇ ಹೇಳಿಕೊಟ್ಟಿದ್ದು ನಂಗೆ," ಅಂದರು. ಮಾವ ಅಂದರೆ ನಮ್ಮಪ್ಪ. ಅಪ್ಪನ ಹೆಸರು ಬಂದ ಮೇಲೆ ನನಗೆ ಥಟ್ಟನೆ ಎದುರಾಡಲು ಆಗಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನ್ ಪರೀಕ್ಷೆ ಮಾಡುವುದೇ ನನ್ನ ಕಸುಬು, ಹಾಗಾಗಿ ಇದರ ಬಗ್ಗೆ ಸುಮ್ಮನಿರುವುದು ಕಷ್ಟ.

ಮೂಡಿಗೆರೆಯಲ್ಲಿ ಅಪ್ಪನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಊರಿನವರ ಬಾಯಲ್ಲಿ ಅದು ಫಿಯೆಟ್ಟೇ. ಜನವರಿಯ ಬೆಳಗ್ಗೆ ಸಿಲ್ವರ್ ಓಕಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿರುವಾಗ ಅಪ್ಪ ಬಾನೆಟ್ ಮೇಲಿನ ಗೋಣಿತಾಟು ತೆಗೆದು, ಚೋಕ್ ಎಳೆದು, ಸೆಲ್ಫ್ ಹೊಡೆಯುತ್ತಿದ್ದರು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಕೆಮ್ಮಿಕೊಂಡು ಹಿಡಿದುಕೊಳ್ಳುತ್ತಿತ್ತು. ಆಮೇಲೆ ಅಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿದು ಮುಗಿಸುವ ತನಕ ಅದು ಅಂಗಳದಲ್ಲಿ ಗುಡುಗುಡು ಅನ್ನುತ್ತಿರಬೇಕು. ಸ್ಕೂಲಿಗೆ ಹೊತ್ತಾಯ್ತು ಅಂತ ನಾನು ಗೋಳಾಡಿದರೆ, "ಈಗಷ್ಟೇ ಎದ್ದವನನ್ನ ಓಡು ಅಂದ್ರೆ ಓಡ್ತಾನೇನೋ? ಇಂಜಿನ್ನೂ ಹಂಗೇ," ಅನ್ನುತ್ತಿದ್ದರು.

ಆ ಕಾರಿಗೆ ಅಪ್ಪ ಮಾಡಿದ್ದು ನೂರಕ್ಕೆ ನೂರು ಸರಿ. ಪೆಟ್ರೋಲು ದ್ರವವಾಗಿದ್ದಾಗ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಎಂಜಿನ್ ತಣ್ಣಗಿದ್ದಾಗ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್‌ನಿಂದ ಹೊರಟ ಪೆಟ್ರೋಲಿನಲ್ಲಿ ಒಂದಷ್ಟು ದಾರಿಯ ಕೊಳವೆಯ ಗೋಡೆಗೇ ಹನಿಯಾಗಿ ಅಂಟಿಕೊಳ್ಳುತ್ತದೆ, ಸಿಲಿಂಡರಿಗೆ ತಲುಪುವ ಆವಿ ಸಾಲುವುದಿಲ್ಲ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಹೇಗೋ ಉರಿಯುತ್ತದೆ. ಆದರೆ ಆ ಕಾರಿನ ಕಾರ್ಬ್ಯುರೇಟರ್‌ಗೆ ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಬಿಸಿಯಾಗುವ ಮೊದಲೇ ಗೇರು ಹಾಕಿದರೆ ನಮ್ಮ ಮನೆಯ ಏರಿನಲ್ಲೇ ನಿಂತುಹೋಗುತ್ತಿತ್ತು. ಒಂದು ಸಲ ನಾನೂ ಅಣ್ಣನೂ ಯೂನಿಫಾರಂ ಹಾಕಿಕೊಂಡೇ ತಳ್ಳಿದ್ದೇವೆ.

ಈ ಸಮಸ್ಯೆಗೆ ಮದ್ದು ಸಿಕ್ಕಿದ್ದರಲ್ಲಿ ನಾನೀಗ ಇರುವ ಊರಿನ ಪಾಲು ದೊಡ್ಡದು. ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿ 1967ರಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ಮಾರುಕಟ್ಟೆಗೆ ತಂದಿತು, 1976ರಲ್ಲಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರನ್ನು. ಬೆಂಗಳೂರಿನವರಿಗೆ ಇದು ದೂರದ ಹೆಸರಲ್ಲ. 1951ರಲ್ಲಿ ಶುರುವಾದ ಆಡುಗೋಡಿಯ ಮೈಕೋ ಇದೇ ಮನೆತನದ್ದು, 2008ರಲ್ಲಿ ಹೆಸರೂ ಬಾಷ್ ಅಂತಲೇ ಆಯಿತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಹೊರಟೇ ಹೋಯಿತು. ಈಗ ಕೀ ತಿರುಗಿಸಿದ ಕ್ಷಣವೇ ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್ ಎಷ್ಟು ಬಿಸಿ, ಒಳಬರುವ ಗಾಳಿ ಎಷ್ಟು ತಣ್ಣಗಿದೆ ಅಂತ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಬೇಕಾದಷ್ಟೇ ಹೆಚ್ಚುವರಿ ಪೆಟ್ರೋಲ್ ಕೊಡುತ್ತದೆ. ಅಪ್ಪನ ಕೈ ಮಾಡುತ್ತಿದ್ದ ಕೆಲಸ ಅದು.

"ಆದರೂ ಆಯಿಲ್ ಮೇಲೆ ಏರಬೇಕಲ್ಲ?" ಅಂತ ಭಾವ ಆಮೇಲೆ ಕೇಳಿದರು. ಒಳ್ಳೆಯ ಪ್ರಶ್ನೆ. ನಿಂತ ಎಂಜಿನ್ನಿನಲ್ಲಿ ಆಯಿಲ್ಲು ತಳಕ್ಕೆ ಇಳಿದಿರುತ್ತದೆ. ಆಯಿಲ್ ಡಬ್ಬದ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-40 ಅಂತ ಬರೆದಿರುತ್ತದಲ್ಲ, ಆ ಡಬ್ಲ್ಯೂ ಅಂದರೆ ವಿಂಟರ್. ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಗುರುತು. 5ಡಬ್ಲ್ಯೂ ಅನ್ನಿಸಿಕೊಳ್ಳಲು ಆಯಿಲ್ಲು ಮೈನಸ್ 30 ಡಿಗ್ರಿಯ ಪರೀಕ್ಷೆ ದಾಟಬೇಕು. ಹಳೇ ಕಾಲದ ಗಟ್ಟಿ ಆಯಿಲ್ಲು 20ಡಬ್ಲ್ಯೂಗೂ ಪರೀಕ್ಷೆ ಮೈನಸ್ 15ರಲ್ಲಿ. ಬೆಂಗಳೂರಿನಲ್ಲಿ ಈ ತನಕ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ಲು ಮೇಲಿನ ತನಕ ಹೋಗಿ ಮುಟ್ಟಿರುತ್ತದೆ. ಸೀಟ್ ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿಮಾಡಿಕೊಳ್ಳುವಷ್ಟು ಹೊತ್ತು ಧಾರಾಳ ಸಾಕು.

ಹತ್ತು ನಿಮಿಷ ನಿಲ್ಲಿಸಿದರೆ ನಷ್ಟವೇನು ಅಂತ ಕೇಳುವವರಿಗೆ ಒಂದು ಮಾತು. ಕೆಲಸವಿಲ್ಲದೆ ಖಾಲಿ ತಿರುಗುವ ಎಂಜಿನ್ ಬೇಗ ಬಿಸಿಯಾಗುವುದೇ ಇಲ್ಲ, ಮೆಲ್ಲಗೆ ಓಡಿಸಿದರೆ ಅದಕ್ಕಿಂತ ಬೇಗ ಆಗುತ್ತದೆ. ತಣ್ಣಗಿರುವಷ್ಟು ಹೊತ್ತೂ ಕಂಪ್ಯೂಟರ್ ಪೆಟ್ರೋಲನ್ನು ಜಾಸ್ತಿ ಸುರಿಯುತ್ತದೆ. ಪೂರ್ತಿ ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿದು ಆಯಿಲ್ಲಿಗೆ ಸೇರಿ ಅದನ್ನು ನೀರಾಗಿಸುತ್ತದೆ. ಜೊತೆಗೆ ನಿಜವಾದ ನೀರು ಬೇರೆ! ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ಬಿಳಿ ಹಬೆ ಅದೇ. ಎಂಜಿನ್ ಚೆನ್ನಾಗಿ ಕಾದರೆ ಅದು ಹಾರಿಹೋಗುತ್ತದೆ, ಕಾಯದಿದ್ದರೆ ಒಳಗೇ ಉಳಿದು ಸೈಲೆನ್ಸರನ್ನು ತುಕ್ಕು ಹಿಡಿಸುತ್ತದೆ. ಹತ್ತು ನಿಮಿಷ ನಿಲ್ಲಿಸಿ, ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡುವವರು ಒಮ್ಮೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಅಡಿಭಾಗ ನೋಡಿ. ಮೊಸರಿನ ಹಾಗೆ ಬೆಳ್ಳಗೆ ಮೆತ್ತಿಕೊಂಡಿದ್ದರೆ ಅದು ಬಹುಮಟ್ಟಿಗೆ ಈ ನೀರಿನದೇ ಕೆಲಸ. ಇನ್ನು ಗೇರ್‌ಬಾಕ್ಸಿನ ಆಯಿಲ್ಲು, ಬೇರಿಂಗು, ಟೈರು, ಶಾಕ್ ಅಬ್ಸಾರ್ಬರ್ ಇವೆಲ್ಲ ಚಕ್ರ ತಿರುಗಿದರೆ ಮಾತ್ರ ಬಿಸಿಯಾಗುವಂಥವು.

ನಾನೇನು ಇದನ್ನೆಲ್ಲ ಮೊದಲೇ ತಿಳಿದವನಲ್ಲ. ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಚಳಿಗಾಲ, ಮೈನಸ್ 9 ಡಿಗ್ರಿ. ಗಾಜಿನ ಮೇಲೆ ಹಿಮ ಕಲ್ಲಿನ ಹಾಗೆ ಕೂತಿತ್ತು. ಅಪ್ಪನ ಮಗನಲ್ಲವೇ, ಕಾರು ಸ್ಟಾರ್ಟ್ ಮಾಡಿ ಬಿಟ್ಟು ಗಾಜು ಕೆರೆಯುತ್ತಾ ನಿಂತೆ. ಎದುರು ಮನೆಯ ಅಜ್ಜಿ ಕಿಟಕಿ ತೆಗೆದು ಹೇಳಿದರು: ಆಫ್ ಮಾಡಿ, ಹೀಗೆ ಬಿಡುವ ಹಾಗಿಲ್ಲ. ಅವರು ಹೇಳಿದ್ದು ಕಾನೂನು. ಜರ್ಮನಿಯ ರಸ್ತೆ ಸಂಚಾರ ನಿಯಮದ 30ನೇ ಕಲಮಿನ ಪ್ರಕಾರ ಅನಗತ್ಯವಾಗಿ ಎಂಜಿನ್ ಓಡುತ್ತಿರಲು ಬಿಡುವುದು ನಿಷಿದ್ಧ, ಚಳಿಗಾಲದ ಬೆಳಗ್ಗೆ ನಿಂತಲ್ಲೇ ಬಿಸಿ ಮಾಡುವುದೂ ಅದರಲ್ಲೇ ಸೇರುತ್ತದೆ. ಇಲ್ಲಿನವರು ಎಂಜಿನ್ ಆಫ್ ಇಟ್ಟು ಗಾಜು ಕೆರೆಯುತ್ತಾರೆ. ಪಾರ್ಕಿಂಗ್ ಸಮಯ ತೋರಿಸುವ ನೀಲಿ ತಟ್ಟೆಯ ಅಂಚಿನಲ್ಲೇ ಎಷ್ಟೋ ಜನ ಕೆರೆಯುತ್ತಾರೆ. ಕಣ್ಣೆದುರಿಗೆ ಕಿಂಡಿಯಷ್ಟು ಜಾಗ ಮಾಡಿಕೊಂಡು ಹೊರಟರೆ ಅದಕ್ಕೂ ದಂಡ ಇದೆ, ಇರಲೇಬೇಕು. ಪೂರ್ತಿ ಗಾಜು ಸ್ವಚ್ಛವಾದ ಮೇಲೆ ಸ್ಟಾರ್ಟ್ ಮಾಡಿ ಹೊರಟುಬಿಡುವುದು. ಆ ಅಜ್ಜಿಯ ಮಾತಿನಿಂದ ಅವತ್ತು ನನಗೆ ಬೇಜಾರಾಗಿತ್ತು. ಈಗ ಅವರಿಗೆ ಋಣಿ.

ನಿಜವಾಗಿ ಬಿಸಿ ಮಾಡಲೇಬೇಕಾದ ಜಾಗಗಳಿವೆ, ಅಲ್ಲಗಳೆಯುವುದಿಲ್ಲ. ಕೆನಡಾದ ವಿನ್ನಿಪೆಗ್‌ನಲ್ಲಿ ಮೈನಸ್ 30ರಲ್ಲಿ ಬದುಕುವವರು ರಾತ್ರಿ ಕಾರನ್ನು ಕರೆಂಟಿನ ಪ್ಲಗ್ಗಿಗೆ ಹಾಕಿ ಮಲಗುತ್ತಾರೆ, ಎಂಜಿನ್ನಿಗೆ ಕೂರಿಸಿದ ಹೀಟರ್ ಕೂಲೆಂಟನ್ನು ಬೆಚ್ಚಗಿಡುತ್ತದೆ. ಲಡಾಖ್‌ನಲ್ಲಿ ಡೀಸೆಲ್ಲೇ ಗಟ್ಟಿಯಾಗುತ್ತಿತ್ತು, 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿ ತನಕ ತಡೆಯುವ ಚಳಿಗಾಲದ ಡೀಸೆಲ್ ಅಲ್ಲಿಗೆ ಕೊಟ್ಟಿತು. ಅಂಥ ಕಡೆಯೂ ಎಂಜಿನ್ನನ್ನು ಎಬ್ಬಿಸುವ ಮುಂಚೆ ಬೆಚ್ಚಗಿಡುವ, ಇಂಧನ ಹರಿಯುವಂತೆ ಮಾಡುವ ಉಪಾಯಗಳೇ ಮುಖ್ಯ. ಊರಲ್ಲಿ ಇನ್ನೂ ಚೋಕ್ ಇರುವ ಹಳೇ ಗಾಡಿ ಇಟ್ಟುಕೊಂಡವರಿಗೂ ನನ್ನ ಮಾತು ಅನ್ವಯಿಸುವುದಿಲ್ಲ.

ಎಂಜಿನ್ ಹಾಳಾದರೆ ದುಡ್ಡು ಹೋಗುತ್ತದೆ ಅಷ್ಟೇ. ನನಗೆ ನಿದ್ದೆ ಕೆಡಿಸಿದ್ದು ಆ ಬೇಸ್‌ಮೆಂಟು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡಲು ಅದು ಸುಮಾರು 250–300 ಡಿಗ್ರಿ ಕಾಯಬೇಕು. ಕಾಯುವ ತನಕ ಕಾರ್ಬನ್ ಮಾನಾಕ್ಸೈಡ್ ಬಹುಪಾಲು ಹಾಗೇ ಹೊರಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ ಬಂದರೂ ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಅಂದುಕೊಳ್ಳುತ್ತೇವೆ. 2016ರ ಜನವರಿಯ ದೊಡ್ಡ ಹಿಮಪಾತದಲ್ಲಿ ಅಮೆರಿಕದ ನ್ಯೂಜೆರ್ಸಿಯ ಪಸೇಯಿಕ್‌ನಲ್ಲಿ ತಂದೆ ಕಾರಿನ ಸುತ್ತ ಹಿಮ ಎತ್ತುತ್ತಿದ್ದರು, ಚಳಿಯಾಗದಿರಲಿ ಅಂತ ಮಕ್ಕಳನ್ನೂ ಅವರ ತಾಯಿಯನ್ನೂ ಒಳಗೆ ಕೂರಿಸಿ ಎಂಜಿನ್ ಆನ್ ಮಾಡಿದ್ದರು. ಸೈಲೆನ್ಸರಿನ ಬಾಯಿ ಹಿಮದಲ್ಲಿ ಮುಚ್ಚಿಹೋಗಿತ್ತು. ತಾಯಿ ಮತ್ತು ಎಳೆ ಮಗು ತೀರಿಕೊಂಡರು, ಮೂರು ವರ್ಷದ ಮಗಳು ಕೆಲವು ದಿನಗಳ ಮೇಲೆ. ಬೆಂಗಳೂರಿನ ಬೇಸ್‌ಮೆಂಟು ಹಿಮದಲ್ಲಿ ಮುಚ್ಚಿದ ಕಾರಿನಷ್ಟು ಇಕ್ಕಟ್ಟಲ್ಲ, ಒಪ್ಪುತ್ತೇನೆ. ಆದರೆ ಬೆಳಗ್ಗೆ ಏಳರಿಂದ ಎಂಟರೊಳಗೆ ನಾಲ್ಕೈದು ಕಾರುಗಳು ಹೀಗೆ ನಿಂತರೆ, ಅಲ್ಲೇ ಹಾಸಿಗೆ ಹಾಸಿ ಮಲಗುವ ವಾಚ್‌ಮನ್ನಿನ ಗತಿಯೇನು? ನಮಗಿಂತ ಸೈಲೆನ್ಸರಿಗೆ ಹತ್ತಿರದಲ್ಲಿ ಮೂಗು ಇರುವ ಒಂದನೇ ಕ್ಲಾಸಿನ ಮಕ್ಕಳದ್ದೇನು?

ಚೋಕ್ ಹೋಗಿ ಇಪ್ಪತ್ತೈದು ವರ್ಷ ಆಯಿತು, ಈ ಅಭ್ಯಾಸವೂ ಅದರ ಜೊತೆ ಹೋಗಬೇಕಿತ್ತು. ಹಾಗಾಗಲಿಲ್ಲ, ಫೋನಿನಿಂದ ಸ್ಟಾರ್ಟ್ ಮಾಡುವ ಸೌಲಭ್ಯ ಬಂದು ಅದಕ್ಕೆ ಮತ್ತೆ ಜೀವ ಕೊಟ್ಟಿದೆ. ಅಪ್ಪ ಜಗಲಿಯಲ್ಲಿ ಕೂತು ಕಾರನ್ನು ನೋಡುತ್ತಲಾದರೂ ಇದ್ದರು. ಮೂರನೇ ಮಹಡಿಯಿಂದ ಗುಂಡಿ ಒತ್ತಿದವರಿಗೆ ಕಾರಿನ ಹಿಂದೆ ಯಾರು ನಿಂತಿದ್ದಾರೆ ಅಂತ ಕಾಣುವುದಿಲ್ಲ.

ಭಾವನದು ಹೊಗೆ ನಿಯಮದ ಬಿಎಸ್6 ಹಂತಕ್ಕೆ ಸೇರಿದ ಡೀಸೆಲ್ ಗಾಡಿ. ಅದರ ಕಥೆ ಬೇರೆಯೇ. ಮಸಿಯನ್ನು ಹಿಡಿದಿಡುವ ಡಿಪಿಎಫ್ ಅನ್ನುವ ಜಾಲರಿ ಅದರಲ್ಲಿದೆ. ಹಿಡಿದ ಮಸಿ ಸುಟ್ಟು ಖಾಲಿಯಾಗಲು ಹೊಗೆ 600 ಡಿಗ್ರಿಯ ಹತ್ತಿರ ಹೋಗಬೇಕು, ನಿಂತ ಗಾಡಿಯಲ್ಲಿ ಸುಮ್ಮನೆ ಅಷ್ಟು ಆಗುವುದಿಲ್ಲ. ದಿನಾ ಹತ್ತು ನಿಮಿಷ ನಿಲ್ಲಿಸಿ, ಮೂರು ಕಿಲೋಮೀಟರ್ ಆಫೀಸಿಗೆ ಹೋಗಿ ಬಂದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಅಕ್ಟೋಬರಿನಿಂದ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬರುತ್ತಿತ್ತಂತೆ. ಸರ್ವಿಸ್ ಸೆಂಟರಿನವರು ಎರಡು ಸಲ ದುಡ್ಡು ತೆಗೆದುಕೊಂಡು ಆರಿಸಿ ಕೊಟ್ಟಿದ್ದರು. ಬೆಳಗ್ಗೆ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಅಂತ ಒಬ್ಬರೂ ಕೇಳಿರಲಿಲ್ಲ. ಅದು ನನಗೆ ಸಿಟ್ಟು ಬರಿಸಿತು.

ಆ ರಜೆಯಲ್ಲೇ ಮೂಡಿಗೆರೆಗೆ ಹೋದಾಗ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ, ಫಿಯೆಟ್ಟನ್ನು ಬಿಸಿ ಮಾಡಿ ಹೊರಟ ಮೇಲೆ ಏನು ಮಾಡ್ತಿದ್ರಿ ಅಂತ. ಅವರಿಗೆ ಅದೇನು ಪ್ರಶ್ನೆ ಅನ್ನಿಸಿರಬೇಕು. "ಮಾಡೋದೇನು, ಹ್ಯಾಂಡ್‌ಪೋಸ್ಟ್ ದಾಟೋ ತನಕ ಮೆಲ್ಲಗೆ ಹೋಗ್ತಿದ್ದೆ. ತಣ್ಣಗಿರೋ ಗಾಡೀನ ರೇಸ್ ಮಾಡಬಾರದು," ಅಂದರು. ಭಾವನಿಗೆ ಬಂದಿದ್ದು ಅಪ್ಪನ ಪಾಠದ ಅರ್ಧ ಮಾತ್ರ. ಟೆಸ್ಟ್ ಬೆಂಚಿನಲ್ಲಿ ಇಷ್ಟು ವರ್ಷ ನಿಂತ ಮೇಲೆ ನಾನು ಹೇಳುವುದೂ ಆ ಇನ್ನರ್ಧವನ್ನೇ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ, ಆಮೇಲೆ ಮೊದಲ ನಾಲ್ಕೈದು ಕಿಲೋಮೀಟರ್ ಆಕ್ಸಿಲರೇಟರನ್ನು ಮೆತ್ತಗೆ ಒತ್ತುವುದು. ಪೆಟ್ರೋಲ್ ಗಾಡಿಯಲ್ಲಿ ನಾನು 2500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟಲು ಬಿಡುವುದಿಲ್ಲ, ಡೀಸೆಲ್ಲಿನಲ್ಲಿ 2000. ಬಿಸಿಯ ಮುಳ್ಳು ನಡುವಿಗೆ ಬಂದರೂ ಅದು ತೋರಿಸುವುದು ಕೂಲೆಂಟಿನ ಬಿಸಿ. ಆಯಿಲ್ಲು ಅಷ್ಟು ಬಿಸಿಯಾಗಲು ಇನ್ನೂ ಐದಾರು ನಿಮಿಷ ಬೇಕು.

ಭಾವ ಜನವರಿಯಲ್ಲಿ ಮೈಸೂರಿಗೆ ಹೋಗಿ ಬಂದರು. ಒಂದು ಗಂಟೆ ಒಂದೇ ಸಮ ಓಡಿಸಿದ ಮೇಲೆ ಹಳದಿ ದೀಪ ತಾನಾಗಿಯೇ ಆರಿತಂತೆ. ಈಗ ಅವರ ಕಾರು ಬೆಳಗ್ಗೆ ಬೇಸ್‌ಮೆಂಟಿನಲ್ಲಿ ನಿಲ್ಲುವುದಿಲ್ಲ. ಮೂರನೇ ಮಹಡಿಯವರ ಹತ್ತಿರ ಅವರಿನ್ನೂ ಮಾತಾಡಿಲ್ಲ, ಮುಜುಗರ ಅನ್ನುತ್ತಾರೆ. ಈ ಬರಹವನ್ನು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿ ಅಂತ ಅಕ್ಕನಿಗೆ ಹೇಳಿದ್ದೇನೆ. ಅಷ್ಟರತನಕ ಮಗೂನ ಇಳಿಜಾರಿನ ಮೇಲೆ, ಗೇಟಿನ ಹತ್ತಿರ ಸ್ವೆಟರ್ ಹಾಕಿ ನಿಲ್ಲಿಸು ಅಂದಿದ್ದೇನೆ.