ಮಾರಿದವನು, ಮಾರಿಕೊಂಡವನು

ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಇದುವರೆಗೆ ಆರು ಮನೆ ಮಾರಿದ್ದಾರೆ. ಅವರು ಇರುವುದು ಇವತ್ತಿಗೂ ಬಾಡಿಗೆ ಮನೆಯಲ್ಲಿ.

ಮಾವ ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ನಾವೆಲ್ಲ ತಡವರಿಸುತ್ತೇವೆ. ಬ್ರೋಕರ್ ಅಂದರೆ ಅವರಿಗೆ ಸಿಟ್ಟು. "ಅವನು ಕಂಡವರ ಮನೆ ತೋರಿಸಿ ಕಮಿಷನ್ ತಗೊಳ್ಳೋನು, ನಾನು ನನ್ನ ದುಡ್ಡು ಹಾಕೋನು" ಅಂತಾರೆ. ಬಿಲ್ಡರ್ ಅನ್ನೋಣ ಅಂದರೆ ಒಂದು ಗೋಡೆಯನ್ನೂ ಎಬ್ಬಿಸಿದವರಲ್ಲ. ರಿಯಲ್ ಎಸ್ಟೇಟ್ ಅಂದರೆ ಕೇಳಿದವರು "ಓಹೋ" ಅಂತಾರೆ. ಆ ಓಹೋದಲ್ಲಿ ಏನೇನೋ ಇರುತ್ತದೆ. ಅಮೆರಿಕದಲ್ಲಿರುವ ಮಗಳು "ಹೌಸ್ ಫ್ಲಿಪ್ಪಿಂಗ್ ಅನ್ನಪ್ಪ" ಅಂದಳು. ಅಂದರೆ ಹಳೇ ಮನೆ ಕೊಂಡು, ಸರಿಮಾಡಿಸಿ, ಲಾಭಕ್ಕೆ ಮಾರೋದು. ಅರ್ಥ ಕೇಳಿಕೊಂಡ ಅತ್ತೆ, "ಓ, ದೋಸೆ ಮಗುಚೋದು! ಬೇಯೋಕೆ ಮುಂಚೆ ಎತ್ತಿದರೆ ಹರಿಯುತ್ತೆ ಅಂತ ನಿಮ್ಮಪ್ಪನಿಗೆ ಹೇಳು" ಅಂದರು.

ಕನ್ನಡದಲ್ಲೇ ಈ ಕಸುಬಿಗೆ ಜಾಗ ಇಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂದರು ಹಿರಿಯರು. ಮಾರಿ ನೋಡು ಅನ್ನಲಿಲ್ಲ. ಎಮ್ಮೆ ಮಾರಿದ, ಭತ್ತ ಮಾರಿದ. ಆದರೆ 'ಮನೆ ಮಠ ಮಾರಿಕೊಂಡ'. ಆ 'ಕೊಂಡ' ಬಂದು ಕೂತರೆ ಮುಗೀತು. ಇಸ್ಪೀಟೋ ಕುಡಿತವೋ ಕೋರ್ಟೋ ಅಂತ ಕೇಳುವುದಷ್ಟೇ ಬಾಕಿ. ಮಾರಿಕೊಳ್ಳದೆ ಬರೀ ಮಾರಿ, ಲಾಭವನ್ನೂ ಜೇಬಿಗಿಳಿಸುವವನನ್ನು ಏನಂತ ಕರೆಯೋದು?

ತೆರಿಗೆಯವರಿಗೂ ಇದೇ ಗೊಂದಲ. ಕೊಂಡು 24 ತಿಂಗಳು ದಾಟಿದ ಮೇಲೆ ಮಾರಿದರೆ ದೀರ್ಘಾವಧಿ ಲಾಭ, ಶೇ 12.5 ತೆರಿಗೆ. ಮುಂಚೆ ಮಾರಿದರೆ ಬೇರೆ ಆದಾಯದ ಜೊತೆ ಸೇರಿಸಿ ಲೆಕ್ಕ. ಪದೇ ಪದೇ ಮಾಡಿದರೆ, 'ಇದು ವ್ಯಾಪಾರ ಸ್ವಾಮಿ' ಅನ್ನಬಹುದು. ಕೊಳ್ಳುವಾಗಿನ ಖರ್ಚು ಬೇರೆ: 45 ಲಕ್ಷ ಮೀರಿದರೆ ಸ್ಟ್ಯಾಂಪ್ ಡ್ಯೂಟಿ ಶೇ 5, 2025ರ ಆಗಸ್ಟ್ ಕೊನೆಯಿಂದ ನೋಂದಣಿಗೆ ಶೇ 2. ಅದಕ್ಕೇ ಕೆಲವರು ರಿಜಿಸ್ಟ್ರೇಷನ್‌ವರೆಗೆ ಹೋಗುವುದೇ ಇಲ್ಲ. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ಆ ಕಾಗದವನ್ನೇ ಇನ್ನೊಂದು ಪಾರ್ಟಿಗೆ ದಾಟಿಸುತ್ತಾರೆ. "ಅದು ದಂಧೆ ಕಣೋ" ಅಂತಾರೆ ಮಾವ. ಅವರಿಗೂ ಮೂಗು ಮುರಿಯೋಕೆ ಒಬ್ಬರು ಬೇಕಲ್ವಾ.

ರಾಜಾಜಿನಗರದ ಹಳೇ ಮನೆಯೊಂದನ್ನು ಅವರು ಕೊಂಡಾಗ ನಾನೂ ಜೊತೆಗೆ ಹೋಗಿದ್ದೆ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿತ್ತು. ಎಂಟು ಜನ ವಾರಸುದಾರರು, ಅದರಲ್ಲಿ ಇಬ್ಬರಿಗೆ ಮಾತಿಲ್ಲ. ಮಾವ ಪೇಂಟಿಗೆ ಅಲೆದದ್ದಕ್ಕಿಂತ ಆ ಸಹಿಗಳಿಗೆ ಅಲೆದದ್ದೇ ಜಾಸ್ತಿ. ಆ ಮನೆಯಲ್ಲಿ ಲಾಭಕ್ಕೆ ಕಾರಣ ಸುಣ್ಣಬಣ್ಣವಲ್ಲ, ಆ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ್ದು ಅಂತ ನನಗನಿಸುತ್ತದೆ. ಆದರೆ ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ಟೈಲ್ಸ್ ಹಾಕಿಸಿದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ. ಉಯ್ಯಾಲೆ ಇದ್ದ ಕಡೆ ಕಾಲು ಉಜ್ಜಿ ಉಜ್ಜಿ ಕನ್ನಡಿ ಥರ ಹೊಳೆಯುತ್ತಿತ್ತು. "ಪಾರ್ಟಿಗೆ ಬೆಳಕು ಬೇಕು" ಅಂದುಬಿಟ್ಟರು.

ಆರು ಮನೆಯಲ್ಲಿ ಒಂದರಲ್ಲೂ ಮಾವ ಹಾಲು ಉಕ್ಕಿಸಿಲ್ಲ. ಕೊಂಡವರು ಗೃಹಪ್ರವೇಶಕ್ಕೆ ಕರೆದರೆ ಮಾತ್ರ ತಪ್ಪಿಸುವುದಿಲ್ಲ. ರಾಜಾಜಿನಗರದ ಮನೆಯಲ್ಲಿ ಊಟದ ಮಧ್ಯೆ ಕೈ ತೊಳೆಯುವ ನೆಪದಲ್ಲಿ ಎದ್ದುಹೋದವರು, ಬಚ್ಚಲಿನ ನಲ್ಲಿಯನ್ನು ಎರಡು ಸಲ ತಿರುಗಿಸಿ, ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಬಂದು ಪಾಯಸಕ್ಕೆ ಕೂತರು.