ಮೊದಲು ಮಾಸ್ತರು, ಆಮೇಲೆ ಕಂಪೌಂಡ್

ನಿನ್ನೆ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆ ಇತ್ತು. ಎರಡೂವರೆ ತಾಸು ಕೂತೆವು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ಅದೇ, ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ನಮ್ಮ ಇಂಡಿ ತಾಲ್ಲೂಕಿನ ಪಾಲಕರಾದರೂ ಪೂರ್ತಿ ಓದಿ.

ಸಭೆಗೆ ಮೂರು ವಿಷಯ ಇದ್ದವು. ಶಾಲೆಗೆ ಕಂಪೌಂಡ್, ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಕೊನೆಗೆ ಶಿಕ್ಷಕರ ಖಾಲಿ ಹುದ್ದೆ. ಮೊದಲ ಎರಡಕ್ಕೇ ಎರಡು ತಾಸು ಹೋಯಿತು. ಮೂರನೆಯದು ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ನಾನು ಬಾಯಿ ತೆಗೆದಾಗ ಹಿರಿಯರೊಬ್ಬರು, "ತಂಗಿ, ಮಾಸ್ತರನ್ನ ನಾವೇನ್ ಮನ್ಯಾಗಿಂದ ತರಾಕ ಆಕ್ಕೈತೇನು? ಕಂಪೌಂಡ್ ಆದ್ರ ಕಣ್ಣಿಗಾದ್ರೂ ಕಾಣತೈತಿ" ಅಂದರು. ಅವರ ಮೇಲೆ ಸಿಟ್ಟಿಲ್ಲ, ಶಾಲೆಯ ಮೇಲೆ ಪ್ರೀತಿ ಇರುವವರೇ. ಆದರೆ ಆ ಮಾತು ಒಪ್ಪಲು ನನ್ನಿಂದ ಆಗುತ್ತಿಲ್ಲ.

ನಮ್ಮ ಶಾಲೆಯಲ್ಲಿ ಒಂದರಿಂದ ಏಳನೇ ತರಗತಿ ಇದೆ. ಕಾಯಂ ಶಿಕ್ಷಕರು ಮೂವರು, ಅವರಲ್ಲಿ ಮುಖ್ಯಗುರುಗಳೂ ಒಬ್ಬರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಅಂತ ಒಂದೇ ಕೋಣೆಯಲ್ಲಿ, ಅದಕ್ಕೆ ಅಕ್ಕೋರು ಒಬ್ಬರೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಳ್ಳೆಯ ಪದ್ಧತಿಯೇ, ನನ್ನ ಮಗಳು ಅದರಲ್ಲೇ ಓದಲು ಕಲಿತಳು. ಆದರೆ ಅದು ನಡೆಯುವುದು ಅಕ್ಕೋರು ಒಂದೊಂದು ಗುಂಪಿನ ಹತ್ತಿರ ಹೋಗಿ ಕೂತಾಗ. ಮುಖ್ಯಗುರುಗಳು ಕಚೇರಿಗೆ ಹೋದ ದಿನ ಇದೇ ಅಕ್ಕೋರು ನಾಲ್ಕು, ಐದನೇ ತರಗತಿಯನ್ನೂ ನೋಡಬೇಕು. ನಡುವೆ ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ವಿವರ ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ, ಆಧಾರ್ ತಿದ್ದುಪಡಿ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ. 2025ರ ದಸರಾ ರಜೆ ಪೂರ್ತಿ ಜಾತಿ ಸಮೀಕ್ಷೆ ಅಂತ ಮನೆಮನೆ ತಿರುಗಿದವರೂ ಇವರೇ.

ಈಗ ಜನವರಿಯಲ್ಲಿ ನಡೆದದ್ದನ್ನು ಹೇಳಬೇಕು. ಕಬ್ಬಿನ ಹಂಗಾಮು ಹೆಂಗಿರುತ್ತೆ ನಿಮಗೆ ಗೊತ್ತು. ಎರಡೆರಡು ಟ್ರೇಲರ್ ಜೋಡಿಸಿಕೊಂಡು, ಕಬ್ಬು ಎರಡೂ ಕಡೆ ಹೊರಗೆ ಚಾಚಿ, ಟೇಪ್ ಜೋರಾಗಿ ಹಚ್ಚಿಕೊಂಡು ಟ್ರ್ಯಾಕ್ಟರುಗಳು ಶಾಲೆ ಮುಂದಿನ ರಸ್ತೆಯಲ್ಲೇ ಹೋಗುತ್ತವೆ. ಅವತ್ತು ಐದನೇ ತರಗತಿಗೆ ಮಾಸ್ತರು ಇರಲಿಲ್ಲ. ಹುಡುಗರು ಹೊರಗೆ ಬಂದರು, ಒಬ್ಬ ಕಬ್ಬು ಜಗ್ಗಲು ಹಿಂದಿನ ಟ್ರೇಲರ್ ಹಿಡಿದು ಓಡಿದ, ಕಾಲು ಜಾರಿ ಬಿದ್ದ. ಗಾಲಿ ಒಂದು ಗೇಣು ದೂರದಲ್ಲಿ ಹೋಯಿತು. ನಾನು ಎದುರಿನ ಅಂಗಡಿ ಕಟ್ಟೆಯ ಮೇಲೆ ಇದ್ದೆ. ಅವನ ತಾಯಿ ಓಡಿ ಬಂದು ಅವನನ್ನು ಎತ್ತಿಕೊಂಡು, ಅಳಲೂ ಆಗದೆ ಸುಮ್ನೆ ನಿಂತಿದ್ದಳು.

ಎಲ್ಲರೂ ಆಗಿನಿಂದ ಕಂಪೌಂಡ್ ಕಂಪೌಂಡ್ ಅನ್ನುತ್ತಿದ್ದಾರೆ. ಆಗಲಿ, ಬೇಕು. ನರೇಗಾದಲ್ಲಿ ಎಷ್ಟೋ ಪಂಚಾಯಿತಿಗಳು ಶಾಲೆಗೆ ಕಂಪೌಂಡ್ ಕಟ್ಟಿಸಿವೆ, ನಾವೂ ಪಂಚಾಯಿತಿಗೆ ಹೋಗಿ ಕೇಳೋಣ. ಆದರೆ ಅವತ್ತು ಆ ಹುಡುಗ ರಸ್ತೆಗೆ ಬಂದದ್ದು ಗೋಡೆ ಇಲ್ಲದ್ದಕ್ಕಾ, ಕ್ಲಾಸಿನಲ್ಲಿ ಮಾಸ್ತರು ಇಲ್ಲದ್ದಕ್ಕಾ? ಹತ್ತು ವರ್ಷದ ಹುಡುಗನಿಗೆ ನಾಲ್ಕು ಅಡಿ ಗೋಡೆ ಹಾರುವುದು ದೊಡ್ಡದಲ್ಲ.

ಸುರಕ್ಷತೆಯಲ್ಲಿ ಒಂದು ದಿನವೂ ಕಾಯಬಾರದ ಕೆಲಸ ಬೇರೆ ಇದೆ. ಹಳೇ ಕೋಣೆಯ ಛತ್ತಿನಿಂದ ಸಿಮೆಂಟ್ ಉದುರುತ್ತಿದೆ, ಕಬ್ಬಿಣ ಕಾಣುತ್ತಿದೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಶಾಲೆ ಕಟ್ಟಡ ಕುಸಿದು 7 ಮಕ್ಕಳು ಸತ್ತರು. ಅದಕ್ಕೇ ನಿನ್ನೆ ಆ ಕೋಣೆಗೆ ಬೀಗ ಹಾಕಿಸಿದೆವು. ಇದೊಂದು ವಿಷಯದಲ್ಲಿ ಯಾರೂ ತಕರಾರು ಮಾಡಲಿಲ್ಲ, ಖುಷಿಯಾಯಿತು.

ಇನ್ನು ಇಂಗ್ಲಿಷ್ ಮಾಧ್ಯಮ. ಯಾಕೆ ಬೇಡ ಅಂತ ಕೇಳುವವರಿಗೆ ಹೇಳುತ್ತೇನೆ, ನನಗೂ ಬೇಕು. ಹಳದಿ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುವ ಮಕ್ಕಳನ್ನು ನೋಡಿ ನನ್ನ ಮಗಳು ಕೇಳುವ ಪ್ರಶ್ನೆ ನನ್ನ ಎದೆಗೂ ನಾಟುತ್ತದೆ. 2019-20ರಲ್ಲೇ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಆದರೆ ನಮ್ಮಲ್ಲಿ ಅದನ್ನು ಕಲಿಸುವವರು ಯಾರು? ಮೂರು ತರಗತಿಗೆ ಒಬ್ಬರೇ ಇರುವ ಅಕ್ಕೋರ ಕೈಗೆ ಇನ್ನೊಂದು ಪುಸ್ತಕ ಕೊಟ್ಟರೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ ಅಂತ ಆಗುತ್ತದೆ. ಗಣಿತಕ್ಕೂ ಅಷ್ಟೇ. ನಮ್ಮ ಆರನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಬಾರದವರು ಎಷ್ಟಿದ್ದಾರೆ ಅಂತ ಒಮ್ಮೆ ಕೂತು ನೋಡಿ. ಕಬ್ಬು ಕಡಿಯಲು ತಂದೆ-ತಾಯಿ ಜೊತೆ ಮಹಾರಾಷ್ಟ್ರಕ್ಕೆ ಹೋಗಿ ನಾಲ್ಕೈದು ತಿಂಗಳು ಬಿಟ್ಟು ಬರುವ ತಾಂಡಾದ ಮಕ್ಕಳಿದ್ದಾರಲ್ಲ, ಅವರನ್ನು ಬೇರೆ ಕೂರಿಸಿಕೊಂಡು ಬಿಟ್ಟ ಪಾಠ ಹೇಳಿಕೊಡಲು ಒಬ್ಬರು ಬೇಕೇ ಬೇಕು. ಪಠ್ಯಪುಸ್ತಕ ಯಾವ ಸರ್ಕಾರದ್ದೇ ಇರಲಿ, ಮಗು ಬೋರ್ಡ್ ಮುಂದೆ ತಡವರಿಸಿದಾಗ ಪಕ್ಕದಲ್ಲಿ ನಿಲ್ಲುವವರು ಬೇಕಲ್ವಾ?

"ನಮ್ಮ ಕೈಯಲ್ಲಿ ಏನಿದೆ" ಅನ್ನುವುದೂ ಪೂರ್ತಿ ನಿಜ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಅಂತ ಇದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದು ಅಂತಲೂ ಇದೆ. ಶಾಲೆಯ ಯೋಜನೆ ಬರೆಯುವ ಅಧಿಕಾರ ಸಮಿತಿಗೇ ಕೊಟ್ಟಿದೆ. ಕಾಯಂ ಹುದ್ದೆ ತುಂಬುವುದು ನಮ್ಮಿಂದ ಆಗುವುದಿಲ್ಲ, ಒಪ್ಪುತ್ತೇನೆ. ಅತಿಥಿ ಶಿಕ್ಷಕರನ್ನು ಮೇ ತಿಂಗಳಲ್ಲೇ ಕೇಳಬಹುದಲ್ವಾ? ಹೋದ ವರ್ಷ ನಮ್ಮಲ್ಲಿ ಅವರು ಬಂದದ್ದು ಜುಲೈ ಕೊನೆಗೆ. ಬಂದ ಹುಡುಗಿ ಎಷ್ಟು ಚೆನ್ನಾಗಿ ಕಲಿಸಿದಳು! ತಿಂಗಳುಗಟ್ಟಲೆ ಗೌರವಧನ ಬರದೆ ಬಸ್ಸಿನ ಖರ್ಚಿಗೂ ಪರದಾಡಿದಳು, ನಾವು ಸಮಿತಿಯವರು ಅದರ ಬಗ್ಗೆ ಒಂದು ಪತ್ರ ಕೂಡ ಬರೆಯಲಿಲ್ಲ. ಇದು ನನಗೆ ಇನ್ನೂ ಚುಚ್ಚುತ್ತದೆ.

ಭೀಮೆಯ ಆಚೆ ದಂಡೆಯ ಅಫಜಲಪುರದವರಿಗೆ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡು ಇದೆ. ಈಚೆ ದಂಡೆಯ ನಮಗೆ ಇಲ್ಲ. ಅವರಿಗೆ ಸಿಗಲಿ, ಸಂತೋಷ. ಆದರೆ ನಾವು ಇನ್ನೂ ಜೋರಾಗಿ ಕೇಳಬೇಕು.

ಇನ್ನೊಂದು ಮಾತು ಅಕ್ಕ-ತಂಗಿಯರಿಗೆ. ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳೇ ಇರಬೇಕು, ಇದ್ದೇವೆ ಕೂಡ. ಆದರೆ ನಿನ್ನೆ ಬಂದವರು ನಾಲ್ಕೇ ಜನ, ಉಳಿದವರ ಬದಲಿಗೆ ಗಂಡಂದಿರು ಬಂದು ಕೂತಿದ್ದರು. ಹೊಲದ ಕೆಲಸ, ಮನೆ ಕೆಲಸ ಎಲ್ಲಾ ಗೊತ್ತು ನನಗೆ. ಮಗು ಮನೆಗೆ ಬಂದು ಇವತ್ತು ಪಾಠ ಆಗಲಿಲ್ಲ ಅಂತ ಹೇಳುವುದು ನಿಮ್ಮ ಮುಂದೆ, ಅದನ್ನು ಸಭೆಯಲ್ಲಿ ನೀವೇ ಹೇಳಿ.

ಖಾಲಿ ಹುದ್ದೆ, ಮೇ ತಿಂಗಳಲ್ಲೇ ಅತಿಥಿ ಶಿಕ್ಷಕರು, ಹೊತ್ತಿಗೆ ಗೌರವಧನ, ಈ ಮೂರನ್ನು ಸೇರಿಸಿ ಒಂದು ಠರಾವು ಬರೆದು ಇಟ್ಟಿದ್ದೇನೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮತ್ತೆ ಸೇರುತ್ತೇವೆ, ಈ ಸಲ ಅದನ್ನೇ ಮೊದಲು ತೆಗೆದುಕೊಳ್ಳುತ್ತೇವೆ ಅಂತ ಅಧ್ಯಕ್ಷರು ಒಪ್ಪಿದ್ದಾರೆ. ಸಹಿ ಮಾಡಲು ಬನ್ನಿ.